ದನಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವಿನ ಮಾಪನ

ಹೋರಿಯ ಬೀಜ ತೆಗೆಯುವುದು, ಸಿಸೇರಿಯನ್, ಕೊಂಬು ಕತ್ತರಿಸುವುದು, ತಂತಿ ಅಥವಾ ಪ್ಲಾಸ್ಟಿಕ್ ನುಂಗಿದ ಹಸುವಿನ ಹೊಟ್ಟೆ ಕೊಯ್ದು ಅದನ್ನು ಹೊರತೆಗೆಯುವುದು ಮುಂತಾದ ಶಸ್ತ್ರಚಿಕಿತ್ಸೆಗಳಾದ ಮೇಲೆ ದನಕ್ಕೆ ಎಷ್ಟು ನೋವಾಗುತ್ತಿದೆ ಎಂಬುದನ್ನು ಅದರ ನಡವಳಿಕೆ, ಮುಖಭಾವ, ಮೇವು, ಮೆಲುಕುಗಳನ್ನು ನೋಡಿ ಅಂಕಗಳಲ್ಲಿ ಗುರುತಿಸುವ ಕ್ರಮ. ನೋವುನಿವಾರಕ ಕೊಡಬೇಕೇ, ಕೊಟ್ಟದ್ದು ಸಾಕಾಯಿತೇ ಎಂದು ತೀರ್ಮಾನಿಸಲು ಪಶುವೈದ್ಯರು ಇದನ್ನು ಬಳಸುತ್ತಾರೆ.

ನೋವಾದರೆ ನಾಯಿ ಕುಂಯ್‌ಗುಡುತ್ತದೆ. ದನ ಹಾಗಲ್ಲ. ಹಿಂಡಿನಲ್ಲಿ ಬಲಹೀನವಾದದ್ದರ ಮೇಲೆಯೇ ಹುಲಿ, ತೋಳಗಳ ಕಣ್ಣು ಬೀಳುವುದರಿಂದ ನೋವನ್ನು ಮುಚ್ಚಿಡುವುದು ಈ ಜಾತಿಯ ಸ್ವಭಾವವಾಗಿದೆ. ಮನುಷ್ಯ ಹತ್ತಿರ ಬಂದನೆಂದರೆ ಕಂಡೂ ಕಾಣದಂತಿದ್ದ ಲಕ್ಷಣವೂ ಮರೆಯಾಗಬಹುದು. ದನಕ್ಕೆ ನೋವು ಕಡಿಮೆ ಎಂಬ ಹಳೆಯ ನಂಬಿಕೆ ಹುಟ್ಟಿದ್ದು ಈ ಮೌನದಿಂದಲೇ ಹೊರತು ಅದರ ನರಮಂಡಲದಲ್ಲಿ ಅಂಥ ಕೊರತೆಯೇನೂ ಇಲ್ಲ. ಇನ್ನೊಂದು ತೊಡಕು ಹೊತ್ತಿನದು. ಪಕ್ಕೆಗೆ ಚುಚ್ಚಿದ ಸ್ಥಳೀಯ ಅರಿವಳಿಕೆ ಲಿಗ್ನೊಕೇನ್‌ನ ಮರವು ಸುಮಾರು ಒಂದರಿಂದ ಎರಡು ತಾಸಿನಲ್ಲಿ ಇಳಿಯುತ್ತದೆ. ಹಳ್ಳಿಗಳಲ್ಲಿ ಆ ಹೊತ್ತಿಗೆ ಹೊಲಿಗೆ ಹಾಕಿದ ವೈದ್ಯರು ಮುಂದಿನ ಊರಿಗೆ ಹೊರಟಿರುತ್ತಾರೆ. ನಿಜವಾದ ನೋವನ್ನು ನೋಡಲು ಉಳಿಯುವುದು ಮನೆಯವರು ಮಾತ್ರ.

ದನಗಳ ನೋವಿನ ಮಾಪಕಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯ ವಿಶ್ವವಿದ್ಯಾಲಯದ ಬೊಟುಕಾಟು ಕೇಂದ್ರದಲ್ಲಿ ರೂಪುಗೊಂಡ ಮಾಪಕ. ಬೀಜ ತೆಗೆದ 40 ನೆಲೋರ್ ಹೋರಿಗಳನ್ನು ವಿಡಿಯೊದಲ್ಲಿ ಚಿತ್ರಿಸಿ ಮಾಡಿದ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನೆಲೋರ್ ಎಂಬುದು ನಮ್ಮ ನೆರೆಯ ಆಂಧ್ರದ ಒಂಗೋಲ್ ದನಗಳ ಸಂತತಿ. ಆದ್ದರಿಂದ ಹಿಣಿಲಿರುವ ಹಳ್ಳಿಕಾರ್, ಅಮೃತಮಹಲ್‌ಗಳಿಗೆ ಯುರೋಪಿನ ಡೈರಿ ಹಸುಗಳನ್ನು ನೋಡಿ ಮಾಡಿದ ಮಾಪಕಗಳಿಗಿಂತ ಇದು ಹತ್ತಿರದ್ದು ಎನ್ನಬಹುದು.

ಇದರಲ್ಲಿ ಐದು ಅಂಶಗಳಿವೆ: ನಡಿಗೆ, ಸುತ್ತಲಿನವುಗಳೊಡನೆ ಒಡನಾಟ, ಚಟುವಟಿಕೆ, ಮೇವಿನ ಆಸೆ ಮತ್ತು ಇತರ ಲಕ್ಷಣಗಳು. ಒಂದೊಂದಕ್ಕೂ 0ಯಿಂದ 2ರವರೆಗೆ, ಒಟ್ಟು 10 ಅಂಕ. ಸರಾಗವಾಗಿ ನಡೆದರೆ 0, ಬೆನ್ನು ಗೂನು ಮಾಡಿಕೊಂಡು ಹೆಜ್ಜೆ ಕಿರಿದಾಗಿಸಿದರೆ 1, ಏಳಲೇ ಒಲ್ಲದಿದ್ದರೆ 2. ಚಟುವಟಿಕೆಯ ಲೆಕ್ಕ ಸ್ವಲ್ಪ ಸೂಕ್ಷ್ಮವಾದದ್ದು. ಮತ್ತೆ ಮತ್ತೆ ಮಲಗಿ ಏಳುವ ಚಡಪಡಿಕೆಗೆ 1 ಅಂಕವಾದರೆ, ಎಬ್ಬಿಸದೆ ಅಲುಗದ ದನಕ್ಕೆ 2. ಸುಮ್ಮನಿದೆ, ಆರಾಮಾಗಿದೆ ಎಂದು ಮನೆಯವರು ನೆಮ್ಮದಿಪಡುವ ದನವೇ ಹೆಚ್ಚು ನೋಯುತ್ತಿರಬಹುದು ಎಂಬುದು ಇದರ ಅರ್ಥ. ಇತರ ಲಕ್ಷಣಗಳಲ್ಲಿ ಬಾಲವನ್ನು ಪದೇ ಪದೇ ಜಾಡಿಸುವುದು, ಗಾಯ ನೆಕ್ಕುವುದು, ಕಾಲು ಅಪ್ಪಳಿಸುವುದು, ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಕೆಳಗಿಳಿಸಿ ನಿಲ್ಲುವುದು, ಮಲಗಿದಾಗ ಹಿಂಗಾಲನ್ನು ಚಾಚುವುದು ಸೇರುತ್ತವೆ. ಒಂದು ಕಂಡರೆ 1, ಎರಡೋ ಹೆಚ್ಚೋ ಕಂಡರೆ 2. ಒಟ್ಟು ಅಂಕ 4 ದಾಟಿದರೆ ಮತ್ತೆ ನೋವುನಿವಾರಕ ಕೊಡಬೇಕು.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಮಾಪಕ ಡೈರಿ ಹಸುಗಳ ಮುಖಕ್ಕೆ ಹೆಚ್ಚು ಗಮನ ಕೊಡುತ್ತದೆ. ಕಿವಿಗಳು ಹಿಂದಕ್ಕೆ ಬಿಗಿದಿವೆಯೇ ಅಥವಾ ಜೋಲು ಬಿದ್ದಿವೆಯೇ, ಕಣ್ಣಿನ ಮೇಲಿನ ಮತ್ತು ಕೆನ್ನೆಯ ಸ್ನಾಯುಗಳು ಸೆಟೆದಿವೆಯೇ, ಮೂಗಿನ ಹೊಳ್ಳೆಗಳ ಮೇಲೆ ಸುಕ್ಕು ಮೂಡಿದೆಯೇ ಎಂದು ಅದು ಕೇಳುತ್ತದೆ. ಬೆನ್ನಿನ ಭಂಗಿ, ತಲೆಯ ಎತ್ತರ, ಹತ್ತಿರ ಹೋದಾಗ ಹಸುವಿನ ಪ್ರತಿಕ್ರಿಯೆಯೂ ಲೆಕ್ಕಕ್ಕೆ ಬರುತ್ತವೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ನಡಿಗೆ ನೋಡಲಾಗದಾಗ ಮುಖವೇ ಆಧಾರ.

ರಕ್ತದ ಕಾರ್ಟಿಸಾಲ್ ಮಟ್ಟ, ನಾಡಿ, ಉಸಿರಾಟಗಳು ನೋವಿನಿಂದ ಏರುವುದು ನಿಜ. ಆದರೆ ಹಗ್ಗ ಹಾಕಿ ಕೆಡವಿದರೂ, ಹೊಸಬರನ್ನು ಕಂಡು ಬೆದರಿದರೂ ಅವು ಏರುತ್ತವೆ. ಇಂಥ ಅಳತೆಗಳನ್ನು ಒಂಟಿಯಾಗಿ ನಂಬುವಂತಿಲ್ಲ. ಮಾಪಕಗಳಿಗೂ ಮಿತಿಯಿದೆ. ಮಂಪರು ಬರಿಸಲು ಕೊಟ್ಟ ಜೈಲಾಜಿನ್ ಇಳಿಯುವ ಮೊದಲು ಅಂಕ ಹಾಕಿದರೆ ಔಷಧಿಯ ಅಮಲು ನೋವಿನ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಅದರಿಂದಲೂ ದನ ತಲೆ ತಗ್ಗಿಸುತ್ತದೆ, ಮೆಲುಕು ನಿಲ್ಲಿಸುತ್ತದೆ. ಹೊಟ್ಟೆಯೊಳಗೆ ಸೋಂಕಾದರೂ ಮೇವು ಬಿಡುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಅಂಕ ಗುರುತಿಸಿಟ್ಟು, ಬಳಿಕ ದೂರ ನಿಂತು ಕೆಲವು ನಿಮಿಷ ನೋಡಿ, ಆಮೇಲೆ ಹತ್ತಿರ ಹೋಗಿ ಮೇವು ಒಡ್ಡುವುದು ಸರಿಯಾದ ಕ್ರಮ. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ತಾಸು ಮೆಲುಕು ಹಾಕುತ್ತದೆ. ಹಾಲು ಕರೆಯುವವರಿಗೆ ಇದರ ಏರುಪೇರು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ವೈದ್ಯರು ಅವರನ್ನು ಕೇಳದೆ ಅಂಕ ಹಾಕುವುದು ಅರ್ಧ ಕೆಲಸ.

ಭಾರತದಲ್ಲಿ ನೋವುನಿವಾರಕದ ಆಯ್ಕೆಗೆ ರಣಹದ್ದುಗಳ ಪ್ರಶ್ನೆಯೂ ಅಂಟಿಕೊಂಡಿದೆ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು ಗೊತ್ತಾದ ಮೇಲೆ 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳಿಗೂ ನಿಷೇಧ ಬಂತು. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಯಿಂದ ತಿಳಿದಿದೆ. ದನದ ದೇಹದಲ್ಲಿ ಅದು ಒಂದು ದಿನಕ್ಕೂ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತದೆ. ಅದನ್ನು ಕೊಟ್ಟ ಹಸುವಿನ ಹಾಲನ್ನು ಔಷಧಿಯ ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿಯುವವರೆಗೆ ಡೈರಿಗೆ ಹಾಕಬಾರದು.