ಹೈಟಿಯಲ್ಲಿ ಹುಟ್ಟಿದ ಅಜ್ಜ: ಡ್ಯೂಮಾ ಮನೆತನದ ನೆನಪೂ ದಾಖಲೆಯೂ

ಮನೆತನದ ನೆನಪನ್ನು ಚರಿತ್ರೆಯ ಆಕರವೆಂದು ಎಷ್ಟರಮಟ್ಟಿಗೆ ನಂಬಬಹುದೆಂಬುದು ಬಹುಕಾಲದ ಪ್ರಶ್ನೆ. ಸಾಮಾನ್ಯವಾಗಿ ನಾವು ಬಾಯಿಮಾತಿನ ಪರಂಪರೆಯನ್ನು ಸಂಶಯದಿಂದಲೂ ಬರೆಹದ ದಾಖಲೆಯನ್ನು ವಿಶ್ವಾಸದಿಂದಲೂ ನೋಡುತ್ತೇವೆ. ಈ ರೂಢಿಯು ಎಲ್ಲ ಸಂದರ್ಭಗಳಲ್ಲಿಯೂ ಸಲ್ಲದೆಂಬುದಕ್ಕೆ ಡ್ಯೂಮಾ ಮನೆತನದ ಇತಿಹಾಸವು ಒಂದು ನಿದರ್ಶನ.

ಈ ಮನೆತನದಲ್ಲಿ ಅಲೆಕ್ಸಾಂಡರ್ ಡ್ಯೂಮಾ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧರಾದವರು ಮೂವರು. ಮೊದಲನೆಯವನು ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಸೇನಾನಿ ತೊಮಾ-ಅಲೆಕ್ಸಾಂಡರ್ (೧೭೬೨–೧೮೦೬). ಎರಡನೆಯವನು ಅವನ ಮಗ, ‘ತ್ರೀ ಮಸ್ಕಿಟಿಯರ್ಸ್’ ಕಾದಂಬರಿಯ ಕರ್ತೃವಾಗಿ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದವನು (೧೮೦೨–೧೮೭೦). ಮೂರನೆಯವನು ಮೊಮ್ಮಗ, ನಾಟಕಕಾರ (೧೮೨೪–೧೮೯೫). ಮೊಮ್ಮಗನು ಅಜ್ಜನನ್ನು ಕಂಡವನಲ್ಲ. ಮಗನಿಗೂ ತಂದೆಯ ಒಡನಾಟ ದೊರೆತದ್ದು ಮೂರೂವರೆ ವರ್ಷ ಮಾತ್ರ. ಆದರೂ ಮಗನ ‘ಸ್ಮೃತಿಗಳು’ ೧೮೫೧ರ ಕೊನೆಯಿಂದ ಪ್ರಕಟವಾಗತೊಡಗಿದಾಗ ಅವುಗಳ ಆರಂಭದ ಅನೇಕ ಅಧ್ಯಾಯಗಳು ಈ ಸೇನಾನಿಗೇ ಮೀಸಲಾಗಿದ್ದವು.

ತೊಮಾ-ಅಲೆಕ್ಸಾಂಡರನು ಹುಟ್ಟಿದ್ದು ೧೭೬೨ರ ಮಾರ್ಚ್ ೨೫ರಂದು, ಸ್ಯಾನ್ ದೊಮಿಂಗ್ ಎಂಬ ಫ್ರೆಂಚ್ ವಸಾಹತಿನ ಜೆರೆಮಿ ಊರಿನ ಬಳಿ. ಈ ವಸಾಹತು ಗುಲಾಮರ ದಂಗೆಯ ಫಲವಾಗಿ ಸ್ವತಂತ್ರವಾಗಿ ಹೈಟಿ ಎಂಬ ಹೆಸರನ್ನು ತಳೆದದ್ದು ೧೮೦೪ರ ಜನವರಿ ೧ರಂದು. ಅವನ ತಂದೆ ದವಿ ದ ಲ ಪೈಯತ್ರಿ ಎಂಬ ಫ್ರೆಂಚ್ ಶ್ರೀಮಂತ. ತಾಯಿ ಮಾರಿ-ಸೆಸೆತ್, ಕಪ್ಪು ಜನಾಂಗದ ಗುಲಾಮ ಸ್ತ್ರೀ. ತಂದೆಯು ೧೭೭೫ರಲ್ಲಿ ಸ್ವದೇಶಕ್ಕೆ ಹೊರಟಾಗ ಪ್ರಯಾಣದ ಖರ್ಚಿಗಾಗಿ ಮಗನನ್ನು ಮರಳಿ ಬಿಡಿಸಿಕೊಳ್ಳುವ ಕರಾರಿನ ಮೇಲೆ ಮಾರಿದನು. ಹೊಲವನ್ನು ಒತ್ತೆಯಿಡುವಂತೆ ಹೆತ್ತ ಮಗನನ್ನೇ ಒತ್ತೆಯಿಟ್ಟನೆಂದರೂ ಸಲ್ಲುವುದು. ಮರುವರ್ಷ ಹಣ ತೆತ್ತು ಬಿಡಿಸಿಕೊಂಡುದರಿಂದ ಹುಡುಗನು ೧೭೭೬ರ ಆಗಸ್ಟಿನಲ್ಲಿ ಲ ಹಾವ್ರ್ ಬಂದರಿಗೆ ಬಂದಿಳಿದನು. ಹಡಗಿನ ಪಟ್ಟಿಯಲ್ಲಿ ಅವನನ್ನು ನಮೂದಿಸಿದ್ದು ಗುಲಾಮನೆಂದೇ.

ಫ್ರಾನ್ಸಿನಲ್ಲಿ ತಂದೆಯು ಅವನಿಗೆ ಕುಲೀನ ಯುವಕನ ಶಿಕ್ಷಣವನ್ನು ಕೊಡಿಸಿದನು. ಆದರೆ ೧೭೮೬ರಲ್ಲಿ ವೃದ್ಧ ತಂದೆಯು ಮನೆವಾರ್ತೆ ನೋಡಿಕೊಳ್ಳುತ್ತಿದ್ದಾಕೆಯನ್ನು ವಿವಾಹವಾದ ಕೆಲವೇ ತಿಂಗಳಲ್ಲಿ ಮಗನು ಸಾಮಾನ್ಯ ಸವಾರನಾಗಿ ಸೈನ್ಯವನ್ನು ಸೇರಿದನು. ಮನೆತನದ ಹೆಸರು ಕೆಳದರ್ಜೆಯ ಸೈನಿಕರ ನಡುವೆ ಮಲಿನವಾಗಬಾರದೆಂದು ತಂದೆಯು ಹಠ ಹಿಡಿದನೆಂಬುದು ಮಗನ ಸ್ಮೃತಿಗಳು ಕೊಡುವ ಕಾರಣ. ಕಾರಣವೇನೇ ಇರಲಿ, ಅವನು ಬರೆಯಿಸಿದ ಹೆಸರು ‘ಅಲೆಕ್ಸಾಂಡರ್ ಡ್ಯೂಮಾ’. ಡ್ಯೂಮಾ ಎಂಬುದು ತಾಯಿಯ ಹೆಸರಿನೊಡನೆ ಕಾಣುವ ಉಪನಾಮ. ಮುಂದೆ ಫ್ರೆಂಚ್ ಸಾಹಿತ್ಯದಲ್ಲಿ ಚಿರಸ್ಥಾಯಿಯಾದ ಕುಲನಾಮವು ಗುಲಾಮ ಸ್ತ್ರೀಯೊಬ್ಬಳಿಂದ ಬಂದುದೆಂಬ ಸಂಗತಿಯನ್ನು ನಾವಿಲ್ಲಿ ಗಮನಿಸಬೇಕು.

೧೭೮೯ರ ಆಗಸ್ಟಿನಲ್ಲಿ ಅವನ ದಳವು ವಿಲರ್-ಕೊತ್ರೆ ಎಂಬ ಸಣ್ಣ ಊರಿನ ರಕ್ಷಣೆಗೆ ಬಂದಿತು. ಅವನು ಇಳಿದುಕೊಂಡದ್ದು ಕ್ಲೋದ್ ಲಬೂರೆಯ ವಸತಿಗೃಹದಲ್ಲಿ. ಆ ಮನೆಯ ಮಗಳು ಮಾರಿ-ಲೂಯಿಸಳಿಗೂ ಅವನಿಗೂ ಅನುರಾಗವುಂಟಾಗಿ ವರ್ಷಾಂತ್ಯದೊಳಗೆ ವಿವಾಹ ನಿಶ್ಚಯವಾಯಿತು. ಹುಡುಗನು ಸೈನ್ಯದಲ್ಲಿ ಒಂದು ಮೆಟ್ಟಿಲಾದರೂ ಮೇಲೇರಿ ಬರಬೇಕೆಂಬುದು ಮಾವನು ಹಾಕಿದ ಷರತ್ತು. ಮೂರು ವರ್ಷಗಳ ಅನಂತರ ಅವನು ಹಿಂದಿರುಗಿದ್ದು ಲೆಫ್ಟಿನೆಂಟ್ ಕರ್ನಲ್ ಆಗಿ. ೧೭೯೨ರ ನವೆಂಬರ್ ೨೮ರಂದು ಮದುವೆ ನಡೆಯಿತು. ಹುಟ್ಟಿನಿಂದ ಯಾವ ಹಕ್ಕೂ ಇಲ್ಲದವನೊಬ್ಬನು ಸ್ವಸಾಮರ್ಥ್ಯದಿಂದ ಪದವಿಯನ್ನೂ ಮೆಚ್ಚಿದ ಹೆಣ್ಣನ್ನೂ ಪಡೆಯುವಂತಾದದ್ದಕ್ಕೆ ಕ್ರಾಂತಿಯು ತೆರೆದ ದಾರಿಯೂ ಕಾರಣವೆನ್ನಬೇಕು.

ಮುಂದಿನ ಏಳುಬೀಳುಗಳನ್ನು ಸಂಗ್ರಹವಾಗಿ ಹೇಳಬಹುದು. ಮರುವರ್ಷವೇ ಜನರಲ್ ಪದವಿ ದೊರೆಯಿತು. ೧೭೯೭ರಲ್ಲಿ ಟಿರೋಲಿನ ಸೇತುವೆಯೊಂದನ್ನು ಶತ್ರುಗಳಿಗೆದುರಾಗಿ ಏಕಾಂಗಿಯಾಗಿ ಕಾಯ್ದ ಸಾಹಸದಿಂದ ಕೀರ್ತಿ ಬಂದಿತು. ಈಜಿಪ್ಟಿನ ದಂಡಯಾತ್ರೆಯಲ್ಲಿ ನೆಪೋಲಿಯನ್ನನೊಡನೆ ವಿರಸವುಂಟಾಯಿತು. ಅಲ್ಲಿಂದ ಹಿಂದಿರುಗುವಾಗ, ೧೭೯೯ರಲ್ಲಿ, ಹಡಗು ಬಿರುಗಾಳಿಗೆ ಸಿಕ್ಕಿ ತಾರಾಂತೋ ಬಂದರನ್ನು ಸೇರಲು ನೇಪಲ್ಸ್ ರಾಜ್ಯದವರು ಅವನನ್ನು ಸೆರೆಹಿಡಿದರು. ೧೮೦೧ರಲ್ಲಿ ಬಿಡುಗಡೆಯಾಗುವಷ್ಟರಲ್ಲಿ ದೇಹವು ಜರ್ಝರಿತವಾಗಿತ್ತು. ೧೮೦೨ರ ಮೇ ೨೦ರ ಶಾಸನದಿಂದ ನೆಪೋಲಿಯನ್ನನು ವಸಾಹತುಗಳಲ್ಲಿ ಗುಲಾಮಗಿರಿಯನ್ನು ಊರ್ಜಿತಗೊಳಿಸಿದನು. ಎರಡು ತಿಂಗಳ ತರುವಾಯ ಜನರಲ್ಲನಿಗೆ ಮಗನು ಹುಟ್ಟಿದನು. ೧೮೦೬ರ ಫೆಬ್ರವರಿ ೨೬ರಂದು ಅವನು ಹೊಟ್ಟೆಯ ಅರ್ಬುದ ರೋಗದಿಂದ ತೀರಿಕೊಂಡಾಗ ವಿಧವೆಗೆ ಪಿಂಚಣಿಯನ್ನು ಸಹ ನಿರಾಕರಿಸಲಾಯಿತು.

ಅವನ ನೆನಪನ್ನು ಉಳಿಸಿದವಳು ಈ ವಿಧವೆಯೇ. ೧೮೩೮ರಲ್ಲಿ ತೀರಿಕೊಳ್ಳುವವರೆಗೂ ಆಕೆ ಬಡತನದಲ್ಲಿ ಮಗನನ್ನು ಬೆಳೆಸುತ್ತ ಪತಿಯ ಚರಿತ್ರೆಯನ್ನು ಅವನ ಮನಸ್ಸಿನಲ್ಲಿ ನೆಲೆಗೊಳಿಸಿದಳು. ತಂದೆ ಸತ್ತನೆಂದು ಕೇಳಿದ ಮಗುವು ಅವನನ್ನು ಕೊಂದ ದೇವರನ್ನು ಕೊಲ್ಲಲು ಬಂದೂಕವನ್ನೆತ್ತಿಕೊಂಡು ಮಹಡಿಯ ಮೆಟ್ಟಿಲೇರಿತೆಂಬ ಪ್ರಸಂಗವು ಸ್ಮೃತಿಗಳಲ್ಲಿ ಬರುತ್ತದೆ. ಇದು ಮಗುವಿನ ನೆನಪೋ ತಾಯಿಯು ಹೇಳಿದ ಕಥೆಯೋ ಎಂಬುದನ್ನು ಬೇರ್ಪಡಿಸುವುದು ಅಸಾಧ್ಯ; ಆದರೆ ಆ ಮನೆಯಲ್ಲಿ ಅಗಲಿದವನ ಸ್ಥಾನವೇನಾಗಿತ್ತೆಂಬುದಕ್ಕೆ ಇದು ಪ್ರಬಲ ಸಾಕ್ಷ್ಯ.

ಆದರೆ ಮಾರಿ-ಸೆಸೆತಳ ವಿಷಯದಲ್ಲಿ ಈ ನೆನಪು ದಾರಿ ತಪ್ಪುತ್ತದೆ. ಸ್ಮೃತಿಗಳ ಪ್ರಕಾರ ಆಕೆ ಶ್ರೀಮಂತನ ಪ್ರೀತಿಯ ಪತ್ನಿ, ೧೭೭೨ರಲ್ಲಿ ಮೃತಳಾದವಳು. ಆಕೆಯಿಲ್ಲದೆ ತೋಟವು ಹಾಳಾಗಲು ಅವನು ಸ್ವದೇಶಕ್ಕೆ ಮರಳಿದನು. ದಾಖಲೆಗಳು ಹೇಳುವುದು ಬೇರೆ. ೧೭೭೫ರಲ್ಲಿ ಅವನು ಆಕೆಯನ್ನೂ ಆಕೆಯ ಇತರ ಮಕ್ಕಳನ್ನೂ ಮಾರಿದನೆಂದು ಸಮಕಾಲೀನ ಪತ್ರವೊಂದು ತಿಳಿಸುತ್ತದೆ. ಮಗನನ್ನು ಬಿಡಿಸಿಕೊಂಡ ತಂದೆಯು ತಾಯಿಯನ್ನು ಬಿಡಿಸಿಕೊಳ್ಳಲಿಲ್ಲ.

ಇಷ್ಟಕ್ಕೇ ದಾಖಲೆಯು ಗೆದ್ದಿತೆಂದು ನಾವು ನಿರ್ಣಯಿಸುವಂತಿಲ್ಲ. ೧೭೭೨ ಎಂಬ ವರ್ಷವು ಕಾದಂಬರಿಕಾರನ ಕಲ್ಪನೆಯಲ್ಲ. ೧೭೯೨ರ ವಿವಾಹಪತ್ರಗಳಲ್ಲಿಯೇ, ಸ್ವತಃ ವರನ ಸಹಿಯೊಡನೆ, ಆ ವರ್ಷವೇ ಇದೆ. ಅದೇ ವರನು ೧೮೦೧ರಲ್ಲಿ ಸಹಿ ಮಾಡಿದ ಮತ್ತೊಂದು ಪತ್ರದಲ್ಲಿ ಸ್ಯಾನ್ ದೊಮಿಂಗಿನ ತನ್ನ ಆಸ್ತಿಯ ಹೊಣೆಯನ್ನು ತಾಯಿ ಮಾರಿ-ಸೆಸೆತಳು ವಹಿಸುವಳೆಂದು ಹೇಳುತ್ತಾನೆ. ಅಂದರೆ, ಆಕೆ ಬದುಕಿದ್ದಳೆಂದೇ ಅವನ ಭಾವನೆ. ಮದುವೆಯ ದಿನ ತಾಯಿಯನ್ನು ಗತಿಸಿದವಳೆಂದು ಬರೆಯಿಸಿ, ಸೆರೆಯಿಂದ ಬಿಡುಗಡೆಯಾದ ವರ್ಷ ಆಕೆಯ ಮೇಲೆ ಭರವಸೆಯಿಟ್ಟವನ ಮನಸ್ಸಿನ ಇಂಗಿತವನ್ನು ಎರಡು ಸಹಿಗಳೂ ಹೊರಗೆಡಹುವುದಿಲ್ಲ. ಮನೆತನದ ಮರೆವು ಮಗನಿಂದ ಆರಂಭವಾದುದಲ್ಲ, ಅಜ್ಜನಿಂದಲೇ ಬಂದುದು ಎಂಬಷ್ಟು ಮಾತ್ರ ಸ್ಪಷ್ಟ. ಅದಕ್ಕೆ ಮೊದಲ ಆಧಾರವು ಬಾಯಿಮಾತಲ್ಲ, ಸಹಿ ಬಿದ್ದ ಕಾಗದ.

ಮೊಮ್ಮಗನಾದರೂ ಸೀರೆಕುಪ್ಪಸಗಳನ್ನಲ್ಲದಿದ್ದರೂ ಅನ್ಯರ ಉಡುಪುಗಳನ್ನು ಹೊಲಿದು ಬದುಕುತ್ತಿದ್ದ ಹೆಣ್ಣೊಬ್ಬಳ ವಿವಾಹಬಾಹಿರ ಪುತ್ರ. ೧೮೩೧ರಲ್ಲಿ ತಂದೆಯು ಅವನನ್ನು ಶಾಸನಬದ್ಧವಾಗಿ ತನ್ನವನೆಂದು ಒಪ್ಪಿಕೊಂಡು ತಾಯಿಯಿಂದ ಬೇರ್ಪಡಿಸಿದನು. ಅಂತಹ ಮಕ್ಕಳ ಪ್ರಶ್ನೆಯನ್ನೇ ಅವನು ೧೮೫೮ರ ನಾಟಕವೊಂದರ ವಸ್ತುವಾಗಿಸಿದನು. ಮಗನನ್ನು ಉಳಿಸಿಕೊಂಡು ತಾಯಿಯನ್ನು ಹೊರಗಿಡುವ ಕ್ರಮವು ಈ ವಂಶದಲ್ಲಿ ಮರುಕಳಿಸಿತೆಂಬುದನ್ನು ಅಲ್ಲಗಳೆಯಲಾಗದು.

ಪ್ಯಾರಿಸಿನ ಒಂದೇ ಚೌಕದಲ್ಲಿ ಹಿಂದೆ ಮೂವರು ಡ್ಯೂಮಾಗಳ ಪ್ರತಿಮೆಗಳೂ ಇದ್ದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಆಕ್ರಮಣಕಾಲದಲ್ಲಿ ಅಜ್ಜನ ಪ್ರತಿಮೆಯೊಂದು ನಾಶವಾಯಿತು. ೨೦೦೯ರಲ್ಲಿ ಅವನ ನೆನಪಿಗಾಗಿ ಅಲ್ಲಿ ಸ್ಥಾಪಿಸಿದ್ದು ಮುಖವುಳ್ಳ ಪ್ರತಿಮೆಯಲ್ಲ. ಗುಲಾಮರ ಬೃಹತ್ ಸಂಕೋಲೆಯ ಶಿಲ್ಪ. ಮನೆಯವರು ಹೇಳದೆ ಬಿಟ್ಟುದನ್ನು ಊರಿನವರು ಹೀಗೆ ನೆನೆದರು. ಆದರೆ ಪತ್ನಿಯ ಅನುರಾಗವನ್ನೂ ಮಗುವಿನ ದುಃಖವನ್ನೂ ಸಂಕೋಲೆಯು ಹೇಳಲಾರದು. ಅವುಗಳಿಗೆ ಮನೆತನದ ನೆನಪೇ ಬೇಕು. ಆದುದರಿಂದ ನೆನಪನ್ನು ಓದುವಾಗ ಅದು ಯಾರನ್ನು ಬಿಟ್ಟಿದೆಯೆಂದೂ, ದಾಖಲೆಯನ್ನು ಓದುವಾಗ ಅದನ್ನು ಯಾವ ಸಂದರ್ಭಕ್ಕಾಗಿ ಬರೆಯಲಾಯಿತೆಂದೂ ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.