ಲ್ಯಾಪ್‌ಟಾಪ್ ಕೊಳ್ಳೋವಾಗ ಯಾವುದಕ್ಕೆ ಹೆಚ್ಚಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ? ಇಲ್ಲಿದೆ ಪೂರ್ತಿ ಮಾಹಿತಿ

ಕರೂರು (ಸಿರುಗುಪ್ಪ ತಾ.): ಭತ್ತದ ದುಡ್ಡು ಕೈಗೆ ಬಂದಾಗ, ಇಲ್ಲವೇ ಮಕ್ಕಳ ಕಾಲೇಜು ಶುರುವಾಗೋ ಹೊತ್ತಿಗೆ ಕರೂರು, ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯವರು ಲ್ಯಾಪ್‌ಟಾಪ್ ನೋಡಲು ಬಳ್ಳಾರಿಗೆ ಹೋಗ್ತಾರೆ, ಇಲ್ಲಾ ಆನ್‌ಲೈನ್‌ನಲ್ಲಿ ಹುಡುಕ್ತಾರೆ. 40 ಸಾವಿರ ಅಂತ ಹೊರಟ ಲೆಕ್ಕ "ಇದಕ್ಕೆ ಇನ್ನೆರಡು ಸಾವಿರ, ಅದಕ್ಕೆ ಇನ್ನೈದು ಸಾವಿರ" ಅಂತ 55 ಸಾವಿರಕ್ಕೆ ಬಂದು ನಿಲ್ಲುತ್ತೆ. ಹೀಗೆ ಸೇರಿಸೋ ದುಡ್ಡಿನಲ್ಲಿ ಕೆಲವು ನಾಲ್ಕೈದು ವರ್ಷ ಉಪಯೋಗಕ್ಕೆ ಬರ್ತವೆ. ಕೆಲವು ಬಿಲ್ ದೊಡ್ಡದು ಮಾಡ್ತವೆ ಅಷ್ಟೇ.

ಒಂದೇ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಬದಲಿಸೋಕೆ ಆಗದ ಭಾಗಕ್ಕೆ ಈಗಲೇ ದುಡ್ಡು ಹಾಕ್ರಿ. ಆಮೇಲೆ ಹಾಕಿಸಬಹುದಾದ ಭಾಗಕ್ಕೆ ಅವಸರ ಬೇಡ.

ರ‍್ಯಾಮ್: ಮೊದಲು ಕೇಳಬೇಕಾದ ಪ್ರಶ್ನೆ

ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್ ಕೇಳುತ್ತೆ, ಆದರೆ 4 ಜಿಬಿಯಲ್ಲಿ ಕೆಲಸ ತೆವಳುತ್ತೆ. ಟ್ಯಾಲಿ, ಬಿಲ್ಲಿಂಗ್, ನುಡಿ ಟೈಪಿಂಗ್, ಸೇವಾಸಿಂಧು ಅರ್ಜಿ ಇಷ್ಟಕ್ಕೆ 8 ಜಿಬಿ ಸಾಕು. ಕ್ರೋಮ್‌ನಲ್ಲಿ ಹತ್ತು ಹದಿನೈದು ಟ್ಯಾಬ್ ಬಿಟ್ಟು ಕೆಲಸ ಮಾಡೋರು, ಬಿಸಿಎ, ಇಂಜಿನಿಯರಿಂಗ್ ಓದೋ ಮಕ್ಕಳು 16 ಜಿಬಿ ನೋಡೋದು ಒಳ್ಳೇದು.

ಅಂಗಡಿಯಲ್ಲಿ "ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ, ಇಲ್ಲಾ ಬೋರ್ಡಿಗೇ ಬೆಸುಗೆ ಹಾಕಿದ್ದಾ?" ಅಂತ ಕೇಳ್ರಿ. ತೆಳ್ಳನೆಯ ಮಾಡೆಲ್‌ಗಳಲ್ಲಿ ಬೆಸುಗೆ ಹಾಕಿರೋದೇ ಹೆಚ್ಚು. ಹಾಗಿದ್ರೆ ಆಮೇಲೆ ಏರಿಸೋಕೆ ಆಗಲ್ಲ, ಈಗಲೇ 16 ಜಿಬಿ ತಗೊಳ್ಳೋದು ಲಾಭ. ಸ್ಲಾಟ್ ಖಾಲಿ ಇದ್ರೆ 8 ಜಿಬಿಯಲ್ಲಿ ಶುರು ಮಾಡಬಹುದು. ಆದರೆ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಹಾಗಾಗಿ ಬಿಡಿ ರ‍್ಯಾಮ್ ಬೆಲೆ ಕೇಳಿ, ಎರಡೂ ಲೆಕ್ಕ ಹೋಲಿಸಿ ತೀರ್ಮಾನ ಮಾಡ್ರಿ.

ಎಸ್‌ಎಸ್‌ಡಿ: ಇರಲೇಬೇಕು, ಸೈಜ್ ಆಮೇಲೆ

ಹಳೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚುಕಡಿಮೆ 100ರಿಂದ 150 ಎಂಬಿ ಓದುತ್ತೆ. ಸಾಟಾ ಎಸ್‌ಎಸ್‌ಡಿ 550 ಎಂಬಿ ಆಸುಪಾಸು. ಎನ್‌ವಿಎಂಇ ಎಸ್‌ಎಸ್‌ಡಿ 2,000 ಎಂಬಿ ದಾಟುತ್ತೆ. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದ್ರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಬಿಲ್ಲಿಂಗ್ ಕೆಲಸದಲ್ಲಿ ಸಾಟಾಕ್ಕೂ ಎನ್‌ವಿಎಂಇಗೂ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ. 512 ಜಿಬಿ ಬಹುತೇಕರಿಗೆ ಸಾಕು. 1 ಟಿಬಿಗೆ ಸಾವಿರಾರು ರೂಪಾಯಿ ಹೆಚ್ಚಿಗೆ ಕೇಳಿದ್ರೆ ಬಿಡ್ರಿ, ಹೆಚ್ಚಿನ ಮಾಡೆಲ್‌ಗಳಲ್ಲಿ ಎಸ್‌ಎಸ್‌ಡಿ ಆಮೇಲೆ ಬದಲಿಸಬಹುದು.

ಪ್ರೊಸೆಸರ್: ಹೆಸರು ನೋಡಿ ಮೋಸ ಹೋಗಬೇಡಿ

ಐ3, ಐ5 ಅನ್ನೋದಷ್ಟೇ ಸಾಲದು, ಎಷ್ಟನೇ ಜನರೇಷನ್ ಅಂತ ಕೇಳಬೇಕು. ಹಳೆ ಐ5ಗಿಂತ ಹೊಸ ಐ3 ಚೆನ್ನಾಗಿ ಓಡೋದುಂಟು. ಎಎಂಡಿ ರೈಜೆನ್ 7000 ಸರಣಿಯಲ್ಲಿ ಮೂರನೇ ಅಂಕಿ ನೋಡ್ರಿ. 7520ಯು ಅನ್ನೋದರಲ್ಲಿ ಮೂರನೇ ಅಂಕಿ 2, ಅಂದ್ರೆ ಒಳಗಿರೋದು ಹಳೆಯ ಜೆನ್ 2 ವಿನ್ಯಾಸ. 7530ಯು ಅಂದ್ರೆ ಜೆನ್ 3. ಎರಡಕ್ಕೂ ಹೊರಗೆ ರೈಜೆನ್ 5 ಅನ್ನೋ ಸ್ಟಿಕ್ಕರೇ ಇರುತ್ತೆ.

ಅಂಗಡಿ ಲೆಕ್ಕ, ಅರ್ಜಿ, ಪ್ರಿಂಟ್ ಕೆಲಸಕ್ಕೆ ಐ7ಗೆ ದುಡ್ಡು ಹಾಕೋದು ವ್ಯರ್ಥ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಮದುವೆ ವಿಡಿಯೋ ಎಡಿಟ್ ಮಾಡೋರಿಗೆ, ತ್ರೀಡಿ ಡಿಸೈನ್ ಕಲಿಯೋರಿಗೆ ಬೇಕು, ಉಳಿದವರಿಗೆ ಬೇಡ.

ಸೆಕೆಂಡ್ ಹ್ಯಾಂಡ್ ನೋಡೋರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯ ಬಹುತೇಕ ಮಷೀನ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ.

ಸ್ಕ್ರೀನ್, ಕೀಬೋರ್ಡ್, ಬ್ಯಾಟರಿ

ಇವು ದಿನಾ ಕಣ್ಣಿಗೆ, ಕೈಗೆ ಸಿಗೋ ಭಾಗ. 1366x768 ಸ್ಕ್ರೀನ್ ಬಿಟ್ಟು 1920x1080 ಇರೋದು, ಅದರಲ್ಲೂ ಐಪಿಎಸ್ ಪ್ಯಾನೆಲ್ ಇರೋದು ತಗೊಂಡ್ರೆ ಕೊಟ್ಟ ದುಡ್ಡು ದಂಡ ಆಗಲ್ಲ. ಅಂಗಡಿ ಬಾಗಿಲ ಕಡೆ ಬೆಳಕಿನಲ್ಲಿ ಕೂತು ಕೆಲಸ ಮಾಡೋರು 300 ನಿಟ್ಸ್ ಬೆಳಕು ಇದೆಯಾ ನೋಡಬೇಕು. ಬಿಲ್ ಹೊಡೆಯೋರಿಗೆ ನಂಬರ್ ಪ್ಯಾಡ್ ಇರೋ 15.6 ಇಂಚಿನ ಮಾಡೆಲ್ ಅನುಕೂಲ. ರಾತ್ರಿ ಕರೆಂಟ್ ಹೋದಾಗ ಕೀಬೋರ್ಡ್ ಲೈಟ್ ಉಪಯೋಗಕ್ಕೆ ಬರುತ್ತೆ, ಅದನ್ನ ಆಮೇಲೆ ಹಾಕಿಸೋಕೆ ಬರಲ್ಲ.

ಬ್ಯಾಟರಿಗೆ "ಎಷ್ಟು ಗಂಟೆ" ಅಂತ ಕೇಳೋದಕ್ಕಿಂತ "ಎಷ್ಟು ವ್ಯಾಟ್ ಅವರ್" ಅಂತ ಕೇಳ್ರಿ. 40ರ ಬದಲು 50, 60 ಇದ್ರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತೆ, ಹಲವು ಲ್ಯಾಪ್‌ಟಾಪ್‌ಗಳು 35 ಡಿಗ್ರಿವರೆಗಿನ ಬಳಕೆಗೆ ಮಾಡಿರೋವು. ಹಾಸಿಗೆ ಮೇಲೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ರೆ ಎಂಥ ಬ್ಯಾಟರಿಯೂ ಬೇಗ ಸಾಯುತ್ತೆ. ರೈಸ್ ಮಿಲ್ ಧೂಳಿನ ಕಡೆ ಇರೋರು ಫ್ಯಾನ್ ಕ್ಲೀನ್ ಮಾಡಿಸ್ತಾ ಇರಬೇಕು.

ಇವಕ್ಕೆ ದುಡ್ಡು ಬೇಡ

ಟಚ್ ಸ್ಕ್ರೀನ್, ಬಣ್ಣದ ಗೇಮಿಂಗ್ ಲೈಟು, ವಿಂಡೋಸ್ ಪ್ರೊ ಅಂಗಡಿ ಕೆಲಸಕ್ಕೆ ಬೇಡ. ಆಂಟಿವೈರಸ್ ಕೂಡ ಬಹುತೇಕರಿಗೆ ಬೇಡ, ಮೈಕ್ರೋಸಾಫ್ಟ್ ಡಿಫೆಂಡರ್ ವಿಂಡೋಸ್ ಜೊತೆಗೇ ಉಚಿತವಾಗಿ ಬರುತ್ತೆ. ಎಂಎಸ್ ಆಫೀಸ್ ಸೇರಿಲ್ಲ ಅಂದ್ರೆ ಲಿಬ್ರೆ ಆಫೀಸ್ ಉಚಿತ. ಆನ್‌ಲೈನ್ ಸೇವಾ ಕೇಂದ್ರ ನಡೆಸೋರು ಗಮನಿಸಿ, ಲ್ಯಾಪ್‌ಟಾಪ್‌ನಲ್ಲಿರೋ ಫಿಂಗರ್‌ಪ್ರಿಂಟ್ ಬಟನ್ ಲಾಗಿನ್‌ಗೆ ಮಾತ್ರ. ಆಧಾರ್ ಹೆಬ್ಬೆಟ್ಟಿಗೆ ನೋಂದಾಯಿತ ಬಯೋಮೆಟ್ರಿಕ್ ಸಾಧನ ಬೇರೆಯೇ ಬೇಕು.

ವಾರಂಟಿ ಮತ್ತು ಜಿಎಸ್‌ಟಿ

ವಾರಂಟಿ ಹೆಚ್ಚಿಸೋಕೆ ದುಡ್ಡು ಕೊಡೋ ಮುಂಚೆ, ನಿಮ್ಮೂರಿನ ಪಿನ್‌ಕೋಡ್‌ಗೆ ಮನೆಗೇ ಬಂದು ರಿಪೇರಿ ಮಾಡ್ತಾರಾ ಅಂತ ಕಂಪನಿ ಸಹಾಯವಾಣಿಗೆ ಫೋನ್ ಮಾಡಿ ಕೇಳ್ರಿ. ಇಲ್ಲ ಅಂದ್ರೆ ಸಣ್ಣ ರಿಪೇರಿಗೂ ಮಷೀನ್ ಹೊತ್ತು ಬಳ್ಳಾರಿಗೆ ಓಡಾಡಬೇಕು, ಆ ಬಸ್ ಖರ್ಚು, ಅಂಗಡಿ ಮುಚ್ಚಿದ ದಿನದ ಲೆಕ್ಕವೂ ಹಿಡೀರಿ. ಬಿದ್ದು ಒಡೆದದ್ದು, ನೀರು ಬಿದ್ದದ್ದು ಸಾಮಾನ್ಯ ವಾರಂಟಿಯಲ್ಲಿ ಬರಲ್ಲ. ಕಾಲೇಜಿಗೆ ಹೊತ್ತೊಯ್ಯೋ ಮಕ್ಕಳಿಗಾದ್ರೆ ಆ ರಕ್ಷಣೆ ಬೇರೆ ತಗೊಳ್ಳೋದು ಯೋಚಿಸಬಹುದು.

ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18%. ಅಂದ್ರೆ 59,000 ರೂ. ಬಿಲ್‌ನಲ್ಲಿ 9,000 ತೆರಿಗೆ. ರೆಗ್ಯುಲರ್ ನೋಂದಣಿ ಇರೋ ವ್ಯಾಪಾರಿಗಳು ಅಂಗಡಿ ಕೆಲಸಕ್ಕೆ ತಗೊಂಡ್ರೆ, ಬಿಲ್‌ನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿಕೊಂಡು ಈ ಮೊತ್ತ ಇನ್‌ಪುಟ್ ಕ್ರೆಡಿಟ್ ಪಡೀಬಹುದು. ಆನ್‌ಲೈನ್‌ನಲ್ಲಾದ್ರೆ ಆರ್ಡರ್ ಮಾಡೋ ಮುಂಚೆಯೇ ನಂಬರ್ ಕೊಡಬೇಕು. ಕಾಂಪೊಸಿಷನ್ ಸ್ಕೀಮ್‌ನವರಿಗೆ ಈ ಲಾಭ ಇಲ್ಲ. ನಿಮ್ಮ ಆಡಿಟರ್ ಹತ್ರ ಒಮ್ಮೆ ಕೇಳಿಕೊಳ್ಳಿ.

ಬಿಲ್ ಮಾಡಿಸೋ ಮುಂಚೆ

ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿ ವೆಬ್‌ಸೈಟ್‌ನಲ್ಲಿ ರ‍್ಯಾಮ್, ಸ್ಕ್ರೀನ್, ಬ್ಯಾಟರಿ ವಿವರ ನೋಡ್ರಿ. "ನೋ ಕಾಸ್ಟ್ ಇಎಂಐ" ಅಂದ್ರೂ ಪ್ರೊಸೆಸಿಂಗ್ ಫೀ ಎಷ್ಟು ಅಂತ ಕೇಳ್ರಿ. ಬಜೆಟ್ ಬಿಗಿ ಇದ್ರೆ ಮೊದಲು ರ‍್ಯಾಮ್, ಆಮೇಲೆ ಸ್ಕ್ರೀನ್, ಆಮೇಲೆ ಬ್ಯಾಟರಿ, ಈ ಕ್ರಮದಲ್ಲಿ ದುಡ್ಡು ಹಾಕ್ರಿ. ಉಳಿದದ್ದು ಬೇಕಾದಾಗ ನೋಡಿಕೊಂಡ್ರಾಯ್ತು.