ತನಿಖಾ ಕಾಲದಲ್ಲಿ ಪೊಲೀಸರು ನೀಡುವ ನೋಟೀಸು: ಕಾನೂನಿನ ಅಗತ್ಯಗಳು

ಹುಕ್ಕೇರಿ ತಾಲ್ಲೂಕು ಬೆಲ್ಲದ ಬಾಗೇವಾಡಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ. ದಿನಾಂಕ 1-7-2024ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಮೇರೆಗೆ ಈ ಕೆಳಕಂಡ ನಿಯಮಗಳು ಅನ್ವಯಿಸುತ್ತವೆ.

1. ದಾಖಲೆಗಳು (ಕಲಂ 94): ತನಿಖೆಗೆ ಅವಶ್ಯವಾದ ದಾಖಲೆ ಅಥವಾ ವಸ್ತುವನ್ನು ಠಾಣಾಧಿಕಾರಿಯು ಲಿಖಿತ ಆದೇಶದ ಮೂಲಕ ಕೇಳತಕ್ಕದ್ದು. ಆದೇಶವು ವಿದ್ಯುನ್ಮಾನ ರೂಪದಲ್ಲಿಯೂ ಇರಬಹುದು. ಉದಾಹರಣೆಗೆ, ಬೆಲ್ಲದ ವರ್ತಕರೊಬ್ಬರಿಂದ ಲೆಕ್ಕದ ಪುಸ್ತಕವನ್ನು ಮಾತ್ರ ಕೇಳಿದ್ದಲ್ಲಿ, ಅವರು ಖುದ್ದಾಗಿ ಬಾರದೆ ಬೇರೊಬ್ಬರ ಮೂಲಕ ಅದನ್ನು ಹಾಜರುಪಡಿಸಿದರೂ ಆದೇಶ ಪಾಲಿಸಿದಂತಾಗುತ್ತದೆ.

2. ಸಾಕ್ಷಿಗಳ ಹಾಜರಾತಿ (ಕಲಂ 179): ತನಿಖಾಧಿಕಾರಿಯು ತನ್ನ ಅಥವಾ ಹೊಂದಿಕೊಂಡಿರುವ ಠಾಣೆಯ ವ್ಯಾಪ್ತಿಯಲ್ಲಿರುವ ಸಾಕ್ಷಿಯನ್ನು ಲಿಖಿತ ಆದೇಶದಿಂದ ಕರೆಸಬಹುದು. ಆದರೆ ಮಹಿಳೆಯರು, 15 ವರ್ಷದೊಳಗಿನ ಹಾಗೂ 60 ವರ್ಷ ಮೀರಿದ ಪುರುಷರು, ಅಂಗವಿಕಲರು ಮತ್ತು ತೀವ್ರ ಅನಾರೋಗ್ಯಪೀಡಿತರನ್ನು ಅವರ ವಾಸಸ್ಥಳದಲ್ಲಿಯೇ ವಿಚಾರಿಸತಕ್ಕದ್ದು. ಅವರು ಸ್ವಇಚ್ಛೆಯಿಂದ ಠಾಣೆಗೆ ಬರಬಹುದು.

3. ಹೇಳಿಕೆ (ಕಲಂ 180, 181): ಸಾಕ್ಷಿಯು ಸತ್ಯವನ್ನೇ ಹೇಳತಕ್ಕದ್ದು. ತನ್ನನ್ನೇ ಅಪರಾಧಕ್ಕೆ ಗುರಿಪಡಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಬರೆದುಕೊಂಡ ಹೇಳಿಕೆಗೆ ಸಹಿ ಪಡೆಯುವಂತಿಲ್ಲ.

4. ಉಲ್ಲಂಘನೆ: ಕಾನೂನುಬದ್ಧ ಆದೇಶವನ್ನು ಉದ್ದೇಶಪೂರ್ವಕವಾಗಿ ಪಾಲಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 208 ಹಾಗೂ 210ರಂತೆ ಶಿಕ್ಷಾರ್ಹ.

ನೋಟೀಸು ಪಡೆದವರು ಅದರಲ್ಲಿನ ಠಾಣೆ, ಅಧಿಕಾರಿಯ ಹೆಸರು, ದಿನಾಂಕ ಹಾಗೂ ಕಲಮನ್ನು ಪರಿಶೀಲಿಸಿ, ಪ್ರತಿಯನ್ನು ಕಾಯ್ದಿರಿಸಿಕೊಳ್ಳುವುದು. ದಾಖಲೆ ಒಪ್ಪಿಸಿದಾಗ ಸ್ವೀಕೃತಿ ಕೇಳಿ ಪಡೆಯುವುದು.